ಫೋನಿನ್ಯಾಗಿನ ಅಲುಗಿದ ಫೋಟೋ

ನನ್ನ ನೆಗೆಣ್ಣಿ ನೀಲವ್ವಗ,

ನೀ ಇದ್ದಾಗ ನಿನಗ ಒಂದು ಕಾಗದ ಬರದಾಕಿ ಅಲ್ಲ ನಾ. ಯಾಕ ಬರೀಬೇಕು? ಒಂದೇ ಮನಿ, ಒಂದೇ ಪಡಸಾಲಿ, ಇಲ್ಲಿ ಕೂಗಿದ್ರ ಅಡಗಿಮನಿಗೆ ಕೇಳ್ತಿತ್ತು. ಮೂರನೇತ್ತೆಗೆ ಸಾಲಿ ಬಿಟ್ಟಾಕಿ ನಾ, ಅಕ್ಷರ ಸೊಟ್ಟ ಬರ್ತಾವು, ನಗಬ್ಯಾಡ. ಈಗ ಕೂಗಿದ್ರ ಓ ಅನ್ನವರಿಲ್ಲ. ನಿನ್ನ ಭಾವಾರಿಗೆ ಮಗ್ಗದ ಸಪ್ಪಳಕ್ಕ ಕಿವಿ ಹೋಗ್ಯಾವು, ಬೈದ್ರೂ ತಲಿ ಎತ್ತೂದಿಲ್ಲ. ಕೇಳದವರಿಗೆ ಬೈದು ಏನು ಸುಖ?

ನಿನ್ನ ಅಳಿಯ ಹೊಸಾ ಫೋನ್ ತಗೊಂಡು ತನ್ನ ಹಳೇ ಕ್ಯಾಮರಾ ಫೋನ್ ನಿನಗ ಕೊಟ್ಟ ದಿನ ನೆನಪೈತೇನು? ಆವತ್ತಿನಿಂದ ಮನ್ಯಾಗ ಒಂದು ಸಾಮಾನು ಬಿಡಲಿಲ್ಲ ನೀ. ರೊಟ್ಟಿ ಉಬ್ಬಿದ್ರ ಫೋಟೋ, ಗ್ಯಾಸ್ ಬಂದ್ರ ಫೋಟೋ, ಬಣ್ಣದ ನೂಲು ಗಳಕ್ಕ ಹಾಕಿದ್ರ ಫೋಟೋ. ಇಲಕಲ್ಲದಿಂದ ಅಷ್ಟು ದೂರ ಬನಶಂಕರಿಗೆ ಹೋದ್ವಿ, ಎಲ್ಲಾರೂ ಕೈ ಮುಗದು ನಿಂತ್ರ ನೀ ಹೊಂಡದ ಕಟ್ಟಿ ಮ್ಯಾಲ ಕುಂತು ಮಂಗ್ಯಾನ ಫೋಟೋ ತಗೀತಿದ್ದಿ. "ಅಕ್ಕಾ, ಸಿಟ್ಟಿನ್ಯಾಗ ಇದರ ಮಾರಿ ಥೇಟ್ ನಿನ್ನಂಗ ಐತಿ" ಅಂದಿ. ಬಸ್ಸಿನ್ಯಾಗ ಊರು ಬರೂತನ ನಾ ಮಾತಾಡಲಿಲ್ಲ. ನೀ ನಗೂದು ಬಿಡಲಿಲ್ಲ.

ನೀ ಹೋದ ಮ್ಯಾಲ ಗ್ವಾಡಿಗೆ ಹಾಕಾಕ ಒಂದು ಫೋಟೋ ಬೇಕಾತು. ಊರ ಮಂದೀದೆಲ್ಲ ತಗದಿ, ನಿಂದು ಒಂದೂ ಇಲ್ಲ! ಕಡೀಕ ವೋಟಿನ ಕಾರ್ಡಿನ ಫೋಟೋನ ದೊಡ್ಡದು ಮಾಡಿಸಿ ಹಾರ ಹಾಕಿದ್ರು. ಅದು ನೀ ಅಲ್ಲ. ತುಟಿ ಬಿಗಿ ಹಿಡದು, ಕಣ್ಣು ಅಗಲ ಮಾಡಿ, ಪಾಳಿ ಹಚ್ಚಿ ನಿಂತು ಸಾಕಾದ ಯಾರೋ ಹೆಂಗಸು. ದಿನಾ ಆಕಿಗೆ ಊದಿನಕಡ್ಡಿ ಹಚ್ಚಾಕ ನನಗ ಮನಸ್ಸ ಬರವಲ್ದು. ಅದನ್ನ ನೋಡಿ ನೋಡಿ ನಿನ್ನ ಖರೇ ಮಾರಿ ಮರತಂಗ ಆಗಾಕತ್ತಿತ್ತು. ಕಣ್ಣು ಮುಚ್ಚಿದ್ರೂ ಆ ಕಾರ್ಡಿನಾಕಿನ ಬರ್ತಿದ್ಲು. ನಾ ಯಾವುದಕ್ಕೂ ಹೆದರಿದಾಕಿ ಅಲ್ಲ, ಇದಕ್ಕ ಹೆದರಿದೆ ನೋಡು.

ಮೊನ್ನೆ ವಿದ್ಯಾಗಿರಿ ಗಂಡನ ಮನಿಯಿಂದ ನಿನ್ನ ಮಗಳು ಸುಮಾ ಬಂದ್ಲು. ನಿನ್ನ ಫೋನಿನ ಬ್ಯಾಟರಿ ಉಬ್ಬಿತ್ತು, ತಾನ ಹತ್ತತಿತ್ತು, ತಾನ ಆರತಿತ್ತು. "ದೊಡ್ಡವ್ವಾ, ಇದು ಪೂರಾ ಹೋಗೂದರಾಗ ಬೇಕಾದವಷ್ಟ ತಗದಿಡೂಣು. ಒಳಗ ಬರೇ ಕಸಾ ತುಂಬೇತಿ" ಅಂದ್ಲು. ಕಸಾ ಅಂತ! ಚಾರ್ಜರ್ ಚುಚ್ಚಿ ಇಬ್ಬರೂ ಗ್ವಾಡಿಗೆ ಹತ್ತಿ ಕುಂತ್ವಿ. ನಿನ್ನ ಕಾಲಿನ ಹೆಬ್ಬಟ್ಟು, ಫ್ಯಾನು, ಬರೇ ಕತ್ತಲಿ, ಒಂದೇ ಬೆಕ್ಕು ಮತ್ತ ಮತ್ತ.

"ಇದು ಬೇಕೇನು?"

"ಅಳಿಸು."

"ಇದು?"

"ಮಂಗ್ಯಾ ಇರಲಿ."

ನಡುನಡುವ ನಾ. ಜ್ವಾಳ ಕೇರೂ ನಾ, ಬಾಯಿ ತಗದು ಮಲಗಿದ ನಾ, ಹಾಲಿನವಗ ಬೈಯೂ ನಾ. ಯಾವಾಗ ತಗದಿ ಇವನ್ನೆಲ್ಲ? ಕೇಳಿದಾಗೊಮ್ಮೆ "ಟೈಮ್ ನೋಡಾಕತ್ತೇನಿ ಅಕ್ಕಾ" ಅಂತಿದ್ದಿಯಲ್ಲ, ಇದಾ ಏನು ನಿನ್ನ ಟೈಮು? ಇಡೀ ಫೋನಿನ್ಯಾಗ ನಾ ತುಂಬೇನಿ, ನೀ ಮಾತ್ರ...

ಆಮ್ಯಾಲ ಒಂದು ಬಂತು. ಸೊಟ್ಟ, ಮಸುಕು, ಮುಂದ ಒಂದು ದೊಡ್ಡ ಅಂಗೈ, ಹಿಂದ ಮುಕ್ಕಾಲು ಮಾರಿ. "ಇದು ಅಲುಗೇತಿ" ಅಂತ ಸುಮಾ ಅಳಿಸಾಕ ಹೋದ್ಲು. ಗಪ್ಪನ ಆಕಿ ಕೈ ಹಿಡದೆ.

ಕೊಂಡಿ ಹಾಕೂ ದಿನ ಅದು, ನೀಲವ್ವ. ಸೀರಿ ಒಡಲಿನ ಎಳಿಗೆ ಸೆರಗಿನ ಎಳಿ ಕೂಡಸಾಕ ನಾವಿಬ್ಬರೂ ಎದುರುಬದುರು ಕುಂತಿದ್ವಿ. ನೀ ಎಳಿ ಬಗ್ಗಿಸಿ ಹಿಡೀತಿದ್ದಿ, ನಾ ಅದರಾಗ ನನ್ನ ಎಳಿ ತೂರಸ್ತಿದ್ದೆ. ನಡುವ ಕೈ ಬಿಟ್ಟು ಫೋನ್ ತಗದಿ, ಕೆಂಪು ಸೆರಗು ಬಿಸಲಿಗೆ ಭಾಳ ಚಂದ ಕಾಣ್ತೈತಿ ಅಂತ. ಎಳಿ ಎಲ್ಲಾ ಸಡಲ! ನನಗ ಬಂತು ನೋಡು ಸಿಟ್ಟು. ಕಸಗೊಂಡೆ. "ನಿನ್ನ ಫೋನಿಗಿಷ್ಟು ಬೆಂಕಿ ಹಚ್ಚಲಿ!" ಅಂದೆ. ನೀ ಕೈ ಚಾಚಿ, "ಕೊಡಕ್ಕಾ, ಕೊಡು, ಬಿದ್ದೀತು" ಅಂತ ನಕ್ಕೊಂತ ಎದ್ದು ಬಂದಿ. ಬಂದ್ ಮಾಡೂಣಂತ ಯಾವುದೋ ಗುಂಡಿ ಒತ್ತಿದೆ. ಟಪ್ ಅಂತು. ಬಂದ್ ಆತು ಅಂತ ತಿಳದು ಮೂಲ್ಯಾಗ ಒಗದು, ಮತ್ತ ಎಳಿ ಹಿಡದೆ.

ಬಂದ್ ಆಗಿರಲಿಲ್ಲ. ನೀ ಒಳಗ ಉಳದಿದ್ದಿ. ಹಲ್ಲಿನ ಸಂದಿ ಕಾಣ್ತೈತಿ, ಕುಂಕಮ ಹುಬ್ಬಿಗೆ ಸರದೈತಿ, ಕೊರಳಾಗ ಕೆಂಪು ನೂಲಿನ ತುಂಡು ಅಂಟೇತಿ. ನಾ ಮರಿಯಾಕ ಹತ್ತಿದ್ದ ಮಾರಿ ಇದಾ ಅಲ್ಲೇನು?

ಸುಮಾನ ಕರಕೊಂಡು ಬಸ್ ಸ್ಟ್ಯಾಂಡ್ ಕಡೆ ಸ್ಟುಡಿಯೋಕ ಹೋದೆ. ಅಂವ ನೋಡಿ ಮಾರಿ ಸಣ್ಣ ಮಾಡಿದ. "ಅವ್ವಾರ, ಮುಂದಿನ ಕೈ ತಗದು ಬರೇ ಮಾರಿ ಮಾಡಿ ಕೊಡಲೇನ್ರಿ? ಹಿಂದ ನೀಲಿ ಪರದೆ ಹಾಕ್ತೇನಿ."

"ಆ ಕೈ ತಗದ್ರ ನಿನ್ನ ಕೈ ಉಳಿಯೂದಿಲ್ಲ ನೋಡು."

"ಹಂಗಲ್ರಿ, ಹೋದವರದು ನಗೂ ಫೋಟೋ ಯಾರೂ ಹಾಕೂದಿಲ್ರಿ."

"ಹೋದ ಮ್ಯಾಲ ತಗದದ್ದೇನು ಇದು? ಇದ್ದಾಗ ತಗದದ್ದು. ನಾ ತಗದದ್ದು. ಇದ್ದಂಗ ಮಾಡು."

ಸುಮಾ ಬಾಯಿಗೆ ಸೆರಗು ಹಿಡದು ನಕ್ಳು. ಆಮ್ಯಾಲ ಅದೇ ಸೆರಗಿಲೆ ಕಣ್ಣು ಒರಸಿಕೊಂಡ್ಲು. ಉಳದ ಫೋಟೋನೆಲ್ಲ ಎರಡು ಸೀಡಿಗೆ ಹಾಕಿಸಿದ್ಲು, ಒಂದು ಆಕೀಗೆ, ಒಂದು ನನಗ. ನಂದು ಟ್ರಂಕಿನ್ಯಾಗ ನಿನ್ನ ಸೀರಿ ಮಡಿಕಿ ಒಳಗ ಐತಿ. ಅದನ್ನ ನೋಡೂ ಮಿಷನ್ ನಮ್ಮ ಮನ್ಯಾಗಿಲ್ಲ. ಇರಲಿ, ಮಂಗ್ಯಾ ಅದರಾಗ ಜ್ವಾಕಿ ಐತಿ.

ಕಾರ್ಡಿನಾಕಿನ್ನ ಇಳಿಸಿ ನಿನ್ನ ಹಾಕೇನಿ. ಬಂದವರು, "ಇದೇನವ್ವಾ, ಹೊಡ್ಯಾಕ ಬಂದಂಗ ಐತಲ್ಲ" ಅಂತಾರು. ಅನ್ಲಿ. ಕೊಂಡಿಗೆ ಈಗ ಹಿಂದಿನ ಓಣ್ಯಾಕಿ ಬರ್ತಾಳು. ಕೈ ಬಿಡೂದಿಲ್ಲ, ಮಾತೂ ಆಡೂದಿಲ್ಲ. ಒಂದು ಎಳಿ ಸಡಲ ಆಗೂದಿಲ್ಲ. ಯಾರಿಗೆ ಬೈಲಿ ನಾ?

ನಿನ್ನ ಫೋನ್ ಪೂರಾ ಸತ್ತೈತಿ. ಸುಮಾ ಬ್ಯಾಟರಿ ತಗದು, "ಒಗದುಬಿಡು ದೊಡ್ಡವ್ವಾ" ಅಂದ್ಲು. ಒಗಿಯಲಿಲ್ಲ. ನನ್ನ ಎಲಿ-ಅಡಕಿ ಚೀಲದಾಗ ಐತಿ. ದಿನಾ ಮುಂಜಾನೆ ಊದಿನಕಡ್ಡಿ ಹಚ್ಚಿ ತಲಿ ಎತ್ತಿದ್ರ, ಗ್ವಾಡಿ ಮ್ಯಾಲ ನೀ ಹಂಗ ಕೈ ಚಾಚಿ ನಿಂತಿರ್ತಿ, ಕೊಡಕ್ಕಾ ಅಂತ.

ಕೊಡೂದಿಲ್ಲ. ಬೇಕಾದ್ರ ಬಂದು ಇಸಕೋ.