ಮೋಡ ಕವಿದ ಹನ್ನೊಂದು ಸಂಜೆ

ಹುಮನಾಬಾದ್
೧೮ ಆಗಸ್ಟ್ ೨೦೦೩

ಪ್ರೀತಿಯ ವಿದ್ಯಾ,

ಪುಣೆಯಲ್ಲಿ ಮಳೆ ಹೇಗಿದೆ? ಕಂಪ್ಯೂಟರ್ ಮುಂದೆ ಕೂತು ಕೂತು ಕತ್ತು ಹಿಡಿದಿದೆ ಅಂದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ನಿಮ್ಮವ್ವ ಎಣ್ಣೆ ಕಾಯಿಸಿ ಬಾಟಲಿ ತುಂಬಿಟ್ಟಿದ್ದಾಳೆ. ಮಾಣಿಕನಗರಕ್ಕೆ ದರ್ಶನಕ್ಕೆ ಬಂದ ಪುಣೆಯವರು ಯಾರಾದರೂ ಸಿಕ್ಕರೆ ಅವರ ಕೈಯಲ್ಲಿ ಕಳಿಸುತ್ತಾಳಂತೆ. ಮೂರು ದಿನದಿಂದ ಮಠದ ಬಾಗಿಲಲ್ಲಿ ಜನರ ಮುಖ ನೋಡಿ ಬರುತ್ತಿದ್ದಾಳೆ. ನನ್ನ ಮೊಣಕಾಲು ಇದ್ದ ಹಾಗೇ ಇದೆ. ಇಲ್ಲಿಯ ತನಕ ಬರೆದದ್ದೆಲ್ಲ ಸುಲಭದ್ದು, ಮಗಳೇ. ಮುಂದಿನದಕ್ಕೆ ಪೆನ್ನು ಏಳುತ್ತಿಲ್ಲ.

ಖಮರು ಕಾಕಾನ ಧೂಮಕೇತುವಿನ ನೋಟ್‌ಬುಕ್ಕಿನ ಮಾತು. ಧೂಮಕೇತು ನೋಡಿದವರ ಬರಹಗಳನ್ನು ಕೂಡಿಸುತ್ತಿರುವ ನಿಮ್ಮ ಸಂಗ್ರಹದಲ್ಲಿ ಅವನ ಐವತ್ತೆರಡು ಸಂಜೆಗಳನ್ನೂ ‘ನಂಬಲರ್ಹವಲ್ಲ’ ಎಂದು ಗುರುತು ಹಾಕಿ ಬದಿಗಿಟ್ಟಿದ್ದಾರೆ ಅಂತ ನೀನು ಫೋನ್ ಮಾಡಿದ್ದೆ. ಹನ್ನೊಂದು ಸಂಜೆ ಸೋಲಾಪುರದಿಂದ ಬೀದರ್ ತನಕ ಮೋಡವಿತ್ತೆಂದು ಬೇರೆ ನೋಡುಗರೆಲ್ಲ ಬರೆದಿರುವಾಗ, ಬಸವಕಲ್ಯಾಣದ ಇವನೊಬ್ಬನಿಗೆ ಮಾತ್ರ ಎರಡು-ಮೂರು ಮುಷ್ಟಿ ಉದ್ದದ ಬಾಲ ಹೇಗೆ ಕಂಡಿತು ಎಂದು ಕೇಳಿದ್ದೆ. ನಾನು ಏನಂದೆ ನೆನಪಿದೆಯಲ್ಲ? ‘ಕಾಕಾಗ ವಯಸ್ಸಾಗ್ಯಾದವ್ವ, ಕಣ್ಣು ಮೊದಲಿನ ಹಂಗ ಇಲ್ಲ’ ಅಂದೆ. ನೀನು ಫೋನ್ ಇಟ್ಟೆ. ಅವನ ಕಣ್ಣಿಗೆ ಏನೂ ಆಗಿಲ್ಲ. ಇವತ್ತಿಗೂ ಗಡಿಯಾರ ರಿಪೇರಿಗೆ ಕೂತರೆ ಹೆಂಗಸರ ಕೈಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟಿಗೆಯಲ್ಲಿ ಎತ್ತಿ ಕೂರಿಸುತ್ತಾನೆ. ಆ ಹನ್ನೊಂದು ಬಾಲಗಳನ್ನು ಬರೆದವನು ನಾನು.

ತೊಂಬತ್ತೇಳರ ಮಾರ್ಚ್‌ನಿಂದ ಅವನು ಹೇಗೆ ನೋಡಿದನೆಂಬುದನ್ನು ನೀನು ತಿಳಿದಿರಬೇಕು. ಸಂಜೆ ರೇಡಿಯೋದ ಪೀಂ ಪೀಂ ಕೇಳಿ ಗಡಿಯಾರ ಹೊಂದಿಸಿಕೊಂಡು, ಅಂಗಡಿಗೆ ಬೀಗ ಹಾಕಿ, ಗೋರ್ಟಾ ದಾರಿಯ ಬಯಲಿಗೆ ಸೈಕಲ್ ತುಳಿಯುತ್ತಿದ್ದ. ಬ್ರಹ್ಮಹೃದಯ ನಕ್ಷತ್ರದ ಪಕ್ಕ ಇಟ್ಟು ನೋಡಿದರೆ ಎಷ್ಟು ಬೆಳಕು, ಕೈ ಚಾಚಿ ಮುಷ್ಟಿ ಹಿಡಿದರೆ ಬಾಲ ಎಷ್ಟು ಮುಷ್ಟಿ ಉದ್ದ, ಇವೆರಡನ್ನೇ ಉರ್ದುವಿನಲ್ಲಿ ಬರೆಯುತ್ತಿದ್ದ. ಹೆಚ್ಚೆಂದರೆ ಒಂದೂವರೆ ಮುಷ್ಟಿ. ಕೆಲವು ಸಂಜೆ ನಾನೂ ಹುಮನಾಬಾದಿನಿಂದ ಬಸ್ ಹಿಡಿದು ಹೋಗುತ್ತಿದ್ದೆ. ‘ಇವತ್ತ ಎರಡಂತ ಬರಿಯೋ, ಚಂದ ಕಾಣತದ’ ಎಂದು ನಾನು ಕೆಣಕಿದರೆ, ‘ಆಸಮಾನದಾಗ ಇದ್ದಷ್ಟೇ ಬರೀಬೇಕ್ರಿ ಮಾಸ್ತರ, ನಮ್ಮ ಕೈಲಿಂದ ಹಾಕಬಾರದು’ ಅನ್ನುತ್ತಿದ್ದ.

ಹೋದ ವರ್ಷ ನೀನು ಆ ನೋಟ್‌ಬುಕ್ ಬೇಕೆಂದೆ. ಎಲ್ಲ ನೋಡುಗರ ಬರಹ ಒಂದೇ ಕಡೆ ಇರುತ್ತದೆ, ನೂರು ವರ್ಷದ ಮೇಲೆ ಯಾವ ದೇಶದವರು ಹುಡುಕಿದರೂ ಸಿಗುತ್ತದೆ ಅಂದೆ. ನಿಜಾಮನ ಕಾಲದ ಶಾಲೆಯಲ್ಲಿ ಕಲಿತ ನನಗೆ ಉರ್ದು ಬರುತ್ತದೆಂದು ಕನ್ನಡದ ಪ್ರತಿ ಮಾಡುವ ಕೆಲಸ ನನಗೇ ಬಂತು. ನಾಲ್ಕೈದು ಪುಟಕ್ಕೊಮ್ಮೆ ‘ಅಬ್ರ್’, ಅಂದರೆ ಮೋಡ. ಮತ್ತೆ ಅಬ್ರ್. ನನ್ನ ಕೈ ತಡೆಯಿತು. ಕೊಡಂಬಲದಲ್ಲಿ ನಮ್ಮ ಅಜ್ಜಿ, ಧೂಳಮ್ಮ ಆಯಿ, ಕಥೆ ಹೇಳುವಾಗ ನಡುವೆ ಮರೆತರೆ ನಿಲ್ಲುತ್ತಿರಲಿಲ್ಲ. ಒಂದು ನರಿಯನ್ನೋ ಬಾವಿಯನ್ನೋ ತಂದಿಟ್ಟು ಮುಂದೆ ಹೋಗುತ್ತಿದ್ದಳು. ಸುಮ್ಮನಾದರೆ ಕೇಳುವವರು ಎದ್ದು ಹೋಗುತ್ತಾರೆ ಎಂಬ ಭಯ ಅವಳದು. ಅದೇ ಭಯ ನನಗೆ ಬಂತು. ಇಷ್ಟು ಮೋಡ ನೋಡಿ ಪುಣೆಯ ವಿಜ್ಞಾನಿಗಳು ಎದ್ದು ಹೋಗುತ್ತಾರೆ, ನನ್ನ ಗೆಳೆಯ ಸೋಮಾರಿ ಅಂದುಕೊಳ್ಳುತ್ತಾರೆ ಅನ್ನಿಸಿತು. ಮೊದಲ ಮೋಡದ ದಿನಕ್ಕೆ ಎರಡು ಮುಷ್ಟಿ ಹಾಕಿದೆ. ಮುಂದಿನದಕ್ಕೆ ಎರಡೂವರೆ. ಚಹಾ ಕುಡಿದು ಬಂದು ಮೂರು ಹಾಕಿದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಖುಷಿಯೂ ಆಗಿತ್ತು, ನೋಡು.

ಹೋದ ಭಾನುವಾರ ಅವನಿಗೆ ಹೇಳಿಬಿಡಬೇಕೆಂದು ಬಸವಕಲ್ಯಾಣಕ್ಕೆ ಹೋದೆ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ, ‘ಬರ್ರಿ ಮಾಸ್ತರ, ಕುಂದರ್ರಿ. ವಿದ್ಯಾ ಬೇಟಿ ನನ್ನ ಕಿತಾಬ್ ಕಂಪ್ಯೂಟರ್‌ದಾಗ ಹಾಕಿದಳೇನು? ನಮ್ಮ ನೂರೀನ್ ದಿನಾ ಕೇಳಾಕತ್ತಾಳ, ದಾದಾ ನಿಮ್ಮ ಹೆಸರು ಯಾವಾಗ ಕಾಣತದ ಅಂತ’ ಅಂದ. ಮೊಮ್ಮಗಳ ಮಾತು ಹೇಳುವಾಗ ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ. ‘ಹಾಕಾಕತ್ತಾಳ, ಸ್ವಲ್ಪ ತಡ ಆಗತದ’ ಅಂದುಬಿಟ್ಟೆ. ಮೂಲ ನೋಟ್‌ಬುಕ್ ಒಮ್ಮೆ ಬೇಕಂತೆ ಅಂದೆ. ಯಾಕೆ ಎಂದು ಕೇಳದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಮೇಲೆ ಚಹಾ ಕುಡಿಸಿದ.

ಮನೆಗೆ ಬಂದು ನಿಮ್ಮವ್ವನ ಮುಂದೆ ಎಲ್ಲ ಹೇಳಿದೆ. ‘ನಿಮ್ಮ ಬಾಯಾಗ ಇಲಿ ಹೊಕ್ಕರ ಆನಿ ಆಗಿ ಹೊರಗ ಬರ್ತದಂತ ಗೊತ್ತಿತ್ತು ಬಿಡ್ರಿ. ಆದ್ರ ಆ ಮನಷ್ಯಾನ ಕಣ್ಣಿನ ಮ್ಯಾಲ ಹಾಕಿದ್ರಲ್ಲ’ ಅಂದಳು. ಅಂದಿನಿಂದ ರೊಟ್ಟಿ ಬಡಿಸುತ್ತಾಳೆ, ‘ಇನ್ನೊಂದು ಹಾಕಲೇನು’ ಎಂದು ಕೇಳುವುದಿಲ್ಲ.

ನಿನ್ನ ಮೇಲಿನವರೆದುರು ಅಪ್ಪನಿಂದ ನಿನಗೂ ತಲೆ ತಗ್ಗಿಸುವಂತಾಯಿತು. ನಲವತ್ತು ವರ್ಷ ಮಕ್ಕಳಿಗೆ ‘ನೋಡಿ ಬರೆಯಿರಿ’ ಎಂದು ಹೇಳಿದ ಬಾಯಿ ಇದು. ಕ್ಷಮಿಸು ಎಂದು ಕೇಳಲು ಇದು ನಿನ್ನೊಬ್ಬಳಿಗೆ ಮಾಡಿದ ತಪ್ಪೂ ಅಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕತ್ತಿಗೆ ಬಿಸಿ ನೀರಿನ ಶಾಖ ಕೊಡು. ಮಾಣಿಕನಗರದ ಪ್ರಭುಗಳ ದಯೆ ನಿನ್ನ ಮೇಲಿರಲಿ.

ನಿನ್ನ ಅಪ್ಪ,
ಶಂಕರಲಿಂಗ

ತಾ.ಕ.: ಮೂಲ ನೋಟ್‌ಬುಕ್ ಇದರ ಜೊತೆ ರಿಜಿಸ್ಟರ್ ಪೋಸ್ಟ್‌ನಲ್ಲಿ ಬರುತ್ತಿದೆ. ಅಲ್ಲಿ ಉರ್ದು ಓದುವವರಿಂದ ಓದಿಸು, ನನ್ನಿಂದ ಬೇಡ. ನಿಮ್ಮಲ್ಲಿ ತಪ್ಪನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ಯಾರದೆಂದು ಬರೆಯುತ್ತಾರೆ ಅಂದಿದ್ದೆಯಲ್ಲ, ಆ ಹನ್ನೊಂದರ ಪಕ್ಕದಲ್ಲಿ ನನ್ನ ಪೂರ್ತಿ ಹೆಸರು, ಊರು ಬರೆಸು. ಮೊದಲು ಇದನ್ನು ಅಂಚೆಗೆ ಹಾಕಿ, ಅಲ್ಲಿಂದಲೇ ಖಮರುವಿಗೆ ಎಲ್ಲ ಹೇಳಲು ಬಸವಕಲ್ಯಾಣದ ಬಸ್ ಹತ್ತುತ್ತೇನೆ. ಹಾಕಿದ ಮೇಲೆ ನನಗೆ ಹಿಂದಕ್ಕೆ ಬರಲು ದಾರಿ ಇರುವುದಿಲ್ಲ. ಇನ್ನೊಂದು. ಏಪ್ರಿಲ್ ಒಂಬತ್ತರ ಪುಟ ನೋಡು. ನಾನು ಮೂರು ಮುಷ್ಟಿ ಅಂತ ಬರೆದ ಸಂಜೆ ಅದು. ಅವನು ಬರೆದದ್ದು ಇಷ್ಟು: ‘ಅಬ್ರ್. ಮಾಸ್ತರ್ ಬಂದಿದ್ದರು. ಏನೂ ಕಾಣಲಿಲ್ಲ. ಕಥೆ ಹೇಳಿದರು, ಬಹಳ ನಕ್ಕೆವು.’ ಪ್ರತಿ ಮಾಡುವಾಗ ಈ ಸಾಲನ್ನು ಓದಿಯೂ ಬಿಟ್ಟಿದ್ದೆ, ಇದರಲ್ಲಿ ವಿಜ್ಞಾನವೇನಿದೆ ಎಂದು. ಆಗುವುದಾದರೆ ಅದನ್ನೂ ಸೇರಿಸು.