ಎರಡನೆಯ ಬ್ಯಾಟರಿ

ಸೇತುವೆ ಮನೆ, ಡೋಕುಮ್
ಮೇ ೧೦

ಪ್ರೀತಿಯ ಹಿಸ್ಕೆ ಅಕ್ಕಾ,

ನಿನ್ನ ಮಣಿಕಟ್ಟು ಈಗ ಹೇಗಿದೆ? ಹಾಯಿಬಟ್ಟೆ ಹೊಲಿಯುವಾಗ ಬಲಗೈ ನೋಯುತ್ತದೆ, ಎಡಗೈಯಲ್ಲಿ ಸೂಜಿ ಹಿಡಿಯುವುದನ್ನು ಕಲಿಯುತ್ತಿದ್ದೇನೆ ಎಂದು ಹೊಸ ವರ್ಷದ ಕಾರ್ಡಿನಲ್ಲಿ ನೀನು ಬರೆದಿದ್ದೆ. ದೋಣಿಗಳೆಲ್ಲ ನೀರಿಗಿಳಿಯುವ ಕಾಲವಿದು, ನಿನ್ನ ಕೈಗೆ ಬಿಡುವೇ ಇರುವುದಿಲ್ಲ. ರಾತ್ರಿ ಮಲಗುವಾಗಲಾದರೂ ಪಟ್ಟಿ ಕಟ್ಟಿಕೋ. ಹೌಕೆ ಭಾವ ಚೆನ್ನಾಗಿದ್ದಾರೆ ಅಂದುಕೊಳ್ಳುತ್ತೇನೆ. ನಾನು ಕ್ಷೇಮ. ಓದು ಮುಗಿಸಿ ಮನೆಗೆ ಬಂದವನು ಇನ್ನೂ ಇಲ್ಲೇ ಇದ್ದೇನೆ. ವಾರದಲ್ಲಿ ಕೆಲವು ದಿನ ಊರಿನ ಗ್ರಂಥಾಲಯದಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುವ ಕೆಲಸ. ಐದು ವರ್ಷದ ಮಕ್ಕಳ ಮುಂದೆಯೂ ನನಗೆ ಕಿವಿ ಕೆಂಪಗಾಗುತ್ತದೆ ಎಂದರೆ ನೀನು ನಗುತ್ತೀ, ನಗು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಹವಾಮಾನ ಹೇಳಿ ಇಟ್ಟುಬಿಡುತ್ತೇನೆ ಎಂಬುದು ನಿನಗೂ ಗೊತ್ತು.

ಸುದ್ದಿ ಏನೆಂದರೆ, ಅಪ್ಪ ಎಲೆಕ್ಟ್ರಿಕ್ ಸೈಕಲ್ ಕೊಂಡಿದ್ದಾರೆ. ಹೌದು, ನಮ್ಮ ಅಪ್ಪನೇ. ಅಂಥ ಸೈಕಲಿನಲ್ಲಿ, ಎದುರುಗಾಳಿಯಲ್ಲೂ ಬೆನ್ನು ನೆಟ್ಟಗಿಟ್ಟುಕೊಂಡು ನಗುನಗುತ್ತಾ ಸೇತುವೆ ದಾಟುವ ಮುದುಕರನ್ನು ಕಂಡಾಗಲೆಲ್ಲ "ನೋಡ್ರೋ, ದುಡ್ಡು ಕೊಟ್ಟು ಬೆನ್ನಿಗೆ ಗಾಳಿ ತಗೊಂಡೋರು" ಎಂದು ಕಿಟಕಿಯಿಂದ ಗೊಣಗುತ್ತಿದ್ದ ಅಪ್ಪ. ಸೈಕಲ್ ಮನೆಗೆ ಬಂದ ದಿನ ಪಕ್ಕದ ಮನೆಯ ಟ್ರೀನ್ ಅಜ್ಜಿ ಬೇಲಿಯ ಹತ್ತಿರ ಬಂದು ನಿಂತಳು. ಅವಳು ಅಂಥದ್ದೇ ಸೈಕಲ್ ಓಡಿಸಲು ಶುರುಮಾಡಿ ಎಷ್ಟೋ ವರ್ಷವಾಯಿತಲ್ಲ, ಅಪ್ಪನ ಆ ಮಾತನ್ನು ಅಷ್ಟೂ ವರ್ಷ ನುಂಗಿಕೊಂಡಿದ್ದಳು. "ಏನೋ ಫೋಪ್ಕೆ, ನಿಂಗೂ ಗಾಳಿ ಬೇಕಾಯ್ತಾ?" ಎಂದಳು. "ನಂಗಲ್ಲ, ನನ್ನ ಮಂಡಿಗೆ" ಎಂದರು ಅಪ್ಪ. "ಹಂಗಾದ್ರೆ ಮಂಡೀನೇ ಕಳಿಸು, ನೀನು ಮನೇಲಿರು." ಅಪ್ಪ ತಲೆಯೆತ್ತಲಿಲ್ಲ. ಆದರೆ ನಕ್ಕರು, ನಾನು ಪಕ್ಕದಿಂದ ನೋಡಿದೆ.

ಇನ್ನೊಂದು ವಿಷಯ. ಅಡ್ಡಕಂಬಿ ಇಲ್ಲದ ಸೈಕಲ್ ತಂದಿದ್ದಾರೆ. ಅಂಗಡಿಯ ಯೋರಿಟ್ ಬಹಳ ಹೊತ್ತು ಹೇಳಬೇಕಾಯಿತು: ಹಿಂದೆ ಎರಡೂ ಕಡೆ ಚೀಲ ತೂಗುಹಾಕಿದ ಮೇಲೆ ಕಾಲೆತ್ತಿ ಹಾಕುವುದು ಆಗುವುದಿಲ್ಲ, ಈ ವಯಸ್ಸಿನಲ್ಲಿ ಬಿದ್ದರೆ ಸೊಂಟ ಮುರಿಯುತ್ತದೆ ಎಂದು. "ಹೆಂಗಸ್ರ ಸೈಕಲ್ ಕೊಡ್ತೀಯಲ್ಲೋ ನಂಗೆ" ಎಂದು ಜಗಳವಾಡಿದರು. ಆಮೇಲೆ ಅಂಗಡಿಯ ಮೂಲೆಯಲ್ಲಿದ್ದ ಒಂದು ಕಡುಹಸಿರು ಸೈಕಲಿನ ಮುಂದೆ ನಿಂತು, ಸೀಟಿನ ಮೇಲೆ ಕೈಯಿಟ್ಟು, ಬೆಲೆಯನ್ನೂ ಕೇಳದೆ "ಇದು" ಎಂದರು. ಅಮ್ಮನ ಸೈಕಲ್ ಯಾವ ಬಣ್ಣದ್ದು ಎಂದು ನಾನು ನಿನಗೆ ಹೇಳಬೇಕಾಗಿಲ್ಲ.

ಎಲ್ಲಿಗೆ ಹೊರಟಿದ್ದಾರೆ ಗೊತ್ತೇ? ಕಾಪೆಲ್ನ್‌ಗೆ. ಗಡಿ ದಾಟಿ ಜರ್ಮನಿಗೆ, ನಿನ್ನ ಊರಿಗೆ, ಅಕ್ಕಾ. ಆದರೆ ನಿನ್ನ ಮನೆಗೆ ಎಂದು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ. ಅಲ್ಲಿ ದೋಣಿಗಳಿಗಾಗಿ ಮೇಲೇಳುವ ಸೇತುವೆ ಇದೆಯಂತೆ, ಅದನ್ನು ನೋಡಬೇಕಂತೆ. ಟ್ರೀನ್ ಅಜ್ಜಿಗೆ ಹಾಗೆ ಹೇಳಿದಾಗ ಅವಳು ನಮ್ಮ ಅಡುಗೆಮನೆಯ ಕಿಟಕಿಯಾಚೆ ಕಾಣುವ ಸೇತುವೆಯ ಕಡೆ ಕೈತೋರಿಸಿ, "ಮತ್ತೆ ಅದೇನು ಫೋಪ್ಕೆ, ಹಸುನಾ? ಜನ್ಮಪೂರ್ತಿ ಅದನ್ನೇ ಎತ್ತಿ ಇಳಿಸ್ದೆಯಲ್ಲೋ" ಎಂದಳು. "ಅದು ಬೇರೆ ತರದ್ದು" ಎಂದರು ಅಪ್ಪ. "ಹೌದೌದು, ಬೇರೆ ತರದ್ದು. ನಿನ್ನ ಮಗಳು ಇರೋ ಊರಲ್ಲಿದೆ." ಅಪ್ಪ ಕಾಫಿ ಲೋಟ ತೊಳೆಯಲು ಎದ್ದು ಹೋದರು. ಇನ್ನೂ ಅರ್ಧ ಕಾಫಿ ಅದರಲ್ಲೇ ಇತ್ತು.

ಒಂದು ತಿಂಗಳಿಂದ ಈ ಮನೆಯಲ್ಲಿ ಬೇರೆ ಮಾತಿಲ್ಲ. ಮೊದಲು ಖಾಲಿ ಸೈಕಲಿನಲ್ಲಿ ಏರಿಯ ಮೇಲೆ ಓಡಾಡಿದರು. ಆಮೇಲೆ ಚೀಲಗಳಲ್ಲಿ ಆಲೂಗಡ್ಡೆ ತುಂಬಿಕೊಂಡು ಓಡಾಡಿದರು, ಬಟ್ಟೆಬರೆಯ ಭಾರಕ್ಕೆ ಒಗ್ಗಿಕೊಳ್ಳಬೇಕಲ್ಲ. ಒಂದು ದಿನ ಮೋಟಾರನ್ನು ಅತಿ ಜೋರಿನಲ್ಲಿಟ್ಟಿದ್ದು ಮರೆತು ಪೆಡಲ್ ಮೇಲೆ ಕಾಲಿಟ್ಟದ್ದೇ, ಸೈಕಲ್ ಹೆದರಿದ ಕುದುರೆಯ ಹಾಗೆ ಜಿಗಿದು ಅವರನ್ನು ಜೊಂಡಿನೊಳಗೆ ಇಳಿಸಿತು. ಆಲೂಗಡ್ಡೆಗಳು ಕಾಲುವೆಯಲ್ಲಿ ತೇಲದೆ ಮುಳುಗಿದವು. ಪೆಟ್ಟಾಗಲಿಲ್ಲ, ಹೆದರಬೇಡ. ಒದ್ದೆ ಷರಾಯಿಯಲ್ಲಿ ಮನೆಗೆ ಬಂದು, ನನ್ನನ್ನು ನೋಡಿ, "ಟ್ರೀನ್‌ಗೆ ಹೇಳಿದ್ರೆ ನಿನ್ನ ಪುಸ್ತಕ ಎಲ್ಲಾ ಒಲೆಗೆ" ಎಂದರು. ನಾನು ಹೇಳಲಿಲ್ಲ. ಅವಳು ಕಿಟಕಿಯಿಂದ ನೋಡಿದ್ದಳು. ಮರುದಿನ ಒಂದು ಬುಟ್ಟಿ ಆಲೂಗಡ್ಡೆ ತಂದು ನಮ್ಮ ಮೆಟ್ಟಿಲಿನ ಮೇಲಿಟ್ಟು ಹೋದಳು. ಅದು ಬೈದದ್ದಕ್ಕಿಂತ ಹೆಚ್ಚಾಯಿತು.

ಟ್ಯೂಬ್ ಬದಲಾಯಿಸುವುದನ್ನು ಕಣ್ಣುಮುಚ್ಚಿ ಮಾಡುವಷ್ಟು ಕಲಿತಿದ್ದಾರೆ. ಚೀಲ ತುಂಬಿಯಾಗಿದೆ: ಮಳೆಯ ಷರಾಯಿ, ಬೀಗ, ಪಂಪು, ಎರಡು ಬನೀನು, ಲವಂಗ ಹಾಕಿದ ನಮ್ಮ ಚೀಸಿನ ಒಂದು ದಪ್ಪ ತುಂಡು. ಜರ್ಮನಿಯ ಚೀಸ್‌ಗೆ ಘಮವೇ ಇಲ್ಲವಂತೆ. ಎಲ್ಬೆ ನದಿಯನ್ನು ದೋಣಿಯಲ್ಲಿ ದಾಟಬೇಕು ಎಂಬುದೊಂದೇ ಅವರಿಗೆ ಕಿರಿಕಿರಿ. "ಅಷ್ಟು ದೊಡ್ಡ ನದಿಗೆ ಒಂದು ಸೇತುವೆ ಕಟ್ಟಕ್ಕೆ ಆಗ್ಲಿಲ್ವಾ ಇವ್ರಿಗೆ?" ಎಂದು ನಕ್ಷೆಯನ್ನೇ ಬೈಯುತ್ತಾರೆ. ಬ್ಯಾಟರಿಯನ್ನು ಚಳಿಯಲ್ಲಿ ಬಿಡಬಾರದು ಎಂದು ಯೋರಿಟ್ ಹೇಳಿದ ಮೇಲೆ ಅದು ಬೈಠಕ್‌ಖಾನೆಗೆ ಬಂದಿದೆ. ಅಮ್ಮನ ಕುರ್ಚಿಯ ಪಕ್ಕ, ಗೋಡೆಗೆ ಒರಗಿ, ಹಸಿರು ದೀಪ ಮಿಣುಕಿಸುತ್ತಾ ಕೂತಿರುತ್ತದೆ. ಅಪ್ಪ ಪೇಪರ್ ಓದುತ್ತಾ ಆಗಾಗ ಅದರ ಕಡೆ ನೋಡುತ್ತಾರೆ. ಮನೆಯಲ್ಲಿ ಯಾರೋ ಬಂದು ಇದ್ದಾರೆ ಎನ್ನಿಸುತ್ತದೆ ನನಗೆ.

ಈಗ ನನ್ನನ್ನು ಕೊರೆಯುತ್ತಿರುವ ವಿಷಯಕ್ಕೆ ಬರುತ್ತೇನೆ. ಅಪ್ಪ ಇನ್ನೊಂದು ಬ್ಯಾಟರಿ ಕೊಂಡಿದ್ದಾರೆ. ಬೇಡವೆಂದು ಯೋರಿಟ್ ಎಷ್ಟೋ ಹೇಳಿದ. ದಿನದ ದಾರಿಗೆ ಒಂದು ಧಾರಾಳವಾಗಿ ಸಾಕು, ರಾತ್ರಿ ಇಳಿದುಕೊಂಡಲ್ಲಿ ಚಾರ್ಜಿಗೆ ಹಾಕಿದರಾಯಿತು, ಸುಮ್ಮನೆ ಇಟ್ಟಿಗೆಯಂಥ ಭಾರ ಯಾಕೆ ಹೊರುತ್ತೀರಿ ಎಂದ. "ಕೊನೇ ದಿನಕ್ಕೆ ಬೇಕು" ಎಂದರು ಅಪ್ಪ. "ಕೊನೇ ದಿನ ಹೋಗಿ ಸೇರ್ತೀರಲ್ಲ, ಅಲ್ಲೇ ಚಾರ್ಜ್ ಹಾಕ್ಬೋದು." ಆಗ ಅಪ್ಪ ಹೇಳಿದ್ದು: "ಯಾರ ಮನೆ ಮುಂದೇನೂ ನಿಂತು ಪ್ಲಗ್ ಕೇಳಲ್ಲ ನಾನು." ಯೋರಿಟ್‌ಗೆ ಅರ್ಥವಾಗಲಿಲ್ಲ. ನನಗಾಯಿತು. ಮನೆಗೆ ಬಂದು ನಕ್ಷೆ ನೋಡಿದೆ. ಕೊನೆಯ ರಾತ್ರಿ ತಂಗುವ ರೆಂಡ್ಸ್‌ಬುರ್ಗ್‌ನಿಂದ ನಿನ್ನ ಊರಿಗೆ ಒಂದು ಬ್ಯಾಟರಿ. ನಿನ್ನ ಊರಿನಿಂದ ಅದೇ ಸಂಜೆ ಶ್ಲೆಸ್ವಿಗ್‌ಗೆ ಹಿಂತಿರುಗಲು ಇನ್ನೊಂದು. ಅಂದರೆ ಸೇತುವೆಯ ಮೇಲೆ ನಿಂತು, ನಿನ್ನ ಬೀದಿಯ ತುದಿಯಿಂದ ನಿನ್ನ ಮನೆಯ ಕಡೆ ನೋಡಿ, ಬಾಗಿಲು ತಟ್ಟುವ ಧೈರ್ಯ ಬಾರದಿದ್ದರೆ, ಯಾರಿಗೂ ತಿಳಿಯದಂತೆ ಸೈಕಲ್ ತಿರುಗಿಸಿಕೊಂಡು ಬಂದುಬಿಡಬಹುದು. ಅಷ್ಟಕ್ಕಾಗಿಯೇ ಅದನ್ನು ಅಲ್ಲಿಯವರೆಗೆ ಹೊತ್ತುಕೊಂಡು ಹೋಗುತ್ತಿದ್ದಾರೆ.

ಅಕ್ಕಾ, ನೀನು ಈ ಮನೆಗೆ ಕೊನೆಯ ಸಲ ಬಂದ ದಿನದ ಮಾತು ಎತ್ತಬಾರದು ಅಂದುಕೊಂಡಿದ್ದೆ, ಎತ್ತದೆ ಆಗುವುದಿಲ್ಲ. ಅಮ್ಮ ಹೋದ ಮೇಲೂ ಅಪ್ಪ ಪ್ರತಿ ಶನಿವಾರ ಅಮ್ಮನ ಸೈಕಲಿನ ಗಾಲಿಗೆ ಗಾಳಿ ಹಾಕುತ್ತಿದ್ದರು. ಅದನ್ನು ನೋಡಲಾರದೆ ನೀನು ಸೈಕಲ್ಲನ್ನು ಹಳೇ ಸಾಮಾನಿನ ಅಂಗಡಿಗೆ ಕೊಟ್ಟುಬಂದೆ. ಅಪ್ಪನಿಗೆ ಒಳ್ಳೆಯದಾಗಲಿ ಎಂದೇ ಕೊಟ್ಟೆ, ನನಗೆ ಗೊತ್ತು. ಅವರು ಸೇತುವೆಯ ಕೆಲಸ ಮುಗಿಸಿ ಬಂದು, ಶೆಡ್ಡಿನಲ್ಲಿ ಖಾಲಿ ಜಾಗ ನೋಡಿ, ಒಳಗೆ ಬಂದು ಒಂದೇ ಮಾತು ಅಂದರು: "ಇನ್ಮೇಲೆ ಬರೋ ಮುಂಚೆ ಫೋನ್ ಮಾಡಿ, ದಿನ ಗೊತ್ತುಮಾಡ್ಕೊಂಡ್ ಬಾ." ದಂತವೈದ್ಯರ ಹತ್ತಿರಕ್ಕೂ ಚಿಕ್ಕಪ್ಪನ ಮನೆಗೂ ನಾವೆಲ್ಲರೂ ದಿನ ಗೊತ್ತುಮಾಡಿಕೊಂಡೇ ಹೋಗುತ್ತೇವೆ. ಆದರೆ ಹಿಂಬಾಗಿಲಿನ ಕೀಲಿ ಇದ್ದ ಮಗಳಿಗೆ ಅದನ್ನು ಹೇಳಿದರು. ನೀನು ಕೀಲಿಯನ್ನು ಮೇಜಿನ ಮೇಲಿಟ್ಟು ಮುಂಬಾಗಿಲು ತೆಗೆದೆ. ಮದುವೆಗೆ ಮತ್ತು ಸಾವಿಗೆ ಬಿಟ್ಟರೆ ಈ ಮನೆಯಲ್ಲಿ ಯಾರೂ ತೆರೆಯದ ಬಾಗಿಲು. ಅಮ್ಮನನ್ನು ಹೊರಗೊಯ್ದ ಮೇಲೆ ಮರ ಉಬ್ಬಿ ಕಚ್ಚಿಕೊಂಡಿತ್ತು, ನೀನು ಭುಜ ಕೊಟ್ಟು ನೂಕಿದೆ. ನೀನು ಬಸ್ ಹತ್ತುವವರೆಗೂ ಅಪ್ಪ ಆ ಬಾಗಿಲ ಹಿಡಿಕೆ ಹಿಡಿದು ಒಳಗೇ ನಿಂತಿದ್ದರು. ನೀನು ತಿರುಗಿ ನೋಡಲಿಲ್ಲವಾದ್ದರಿಂದ ನಿನಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮರುದಿನ ಅಂಗಡಿಗೂ ಹೋದರು. ಸೈಕಲ್ ಆಗಲೇ ಯಾರಿಗೋ ಹೋಗಿತ್ತು.

ನಿಮ್ಮಿಬ್ಬರಲ್ಲಿ ಯಾರು ಸರಿ ಎಂದು ಹೇಳಲು ನಾನು ಯಾರು? ಎಲ್ಲರ ಸಿಟ್ಟಿಗೂ ಕಾರಣ ಹುಡುಕುವುದನ್ನು ಇಷ್ಟು ವರ್ಷ ಓದಿ ಕಲಿತದ್ದರಿಂದ ಯಾರ ಮೇಲೂ ಸಿಟ್ಟಾಗಲು ಬಾರದವನಾಗಿದ್ದೇನೆ. ಬೆಳಿಗ್ಗೆ ಆ ಎರಡನೆಯ ಬ್ಯಾಟರಿಯನ್ನು ಚೀಲದಿಂದ ತೆಗೆದು ನನ್ನ ಮಂಚದ ಕೆಳಗೆ ಬಚ್ಚಿಟ್ಟರೆ ಹೇಗೆ ಎಂದು ಯೋಚಿಸಿದೆ. ಚೀಲದ ಕೊಂಡಿಗೆ ಕೈಯನ್ನೂ ಹಾಕಿದೆ. ಆಗಲಿಲ್ಲ. ಅಷ್ಟು ದೂರ ಹೋಗುವ ಮನುಷ್ಯನಿಗೆ ಹಿಂತಿರುಗುವ ದಾರಿಯನ್ನು ಕದ್ದು ಕಳಿಸುವುದು ಸರಿಯಲ್ಲ ಅನ್ನಿಸಿತು. ಹಾಗಾಗಿ ನಿನ್ನನ್ನೇ ಕೇಳುತ್ತಿದ್ದೇನೆ. ನಾಳೆ ಬೆಳಿಗ್ಗೆ ಹೊರಡುತ್ತಾರೆ. ಗಾಳಿ ಪಶ್ಚಿಮದ್ದು, ಚೆನ್ನಾಗಿ ನೂಕುತ್ತದೆ. ಈ ಪತ್ರ ಅವರಿಗಿಂತ ಮೊದಲೇ ನಿನ್ನನ್ನು ಸೇರುತ್ತದೆ. ಮುಂದಿನ ವಾರ ಕೆಲಸ ಮುಗಿಸಿ ಬರುವಾಗ ದಿನವೂ ಒಮ್ಮೆ ಸೇತುವೆಯ ಕಡೆಯಿಂದ ಬಾ. ಕಡುಹಸಿರು ಸೈಕಲ್ ಹಿಡಿದುಕೊಂಡು, ಸೇತುವೆ ಏಳುವುದನ್ನು ಬಿಟ್ಟು ಅದನ್ನು ನಡೆಸುವವನನ್ನೇ ನೋಡುತ್ತಾ, ಅವನು ತಡಮಾಡಿದನೆಂದು ಗೊಣಗುತ್ತಾ ಒಬ್ಬ ಮುದುಕ ನಿಂತಿದ್ದರೆ, ಅವರ ಪಕ್ಕ ಹೋಗಿ ನಿಲ್ಲು. ಏನೂ ಹೇಳಬೇಕಾಗಿಲ್ಲ. ಗಾಳಿ ಯಾವ ಕಡೆಯದು ಎಂದು ಕೇಳು, ಮುಂದಿನದನ್ನು ಅವರೇ ಹೇಳುತ್ತಾರೆ.

ಹೌಕೆ ಭಾವನಿಗೆ ನನ್ನ ನಮಸ್ಕಾರ. ಟ್ರೀನ್ ಅಜ್ಜಿ ನಿನ್ನನ್ನು ಕೇಳಿದ್ದಾಗಿ ತಿಳಿಸಲು ಹೇಳಿದ್ದಾಳೆ, ಜೊತೆಗೆ "ಅವಳಪ್ಪನಷ್ಟೇ ಮೊಂಡಿ ಅಂತಾನೂ ಬರಿ" ಎಂದಿದ್ದಾಳೆ, ಬರೆದಿದ್ದೇನೆ. ಕೈ ನೋಡಿಕೋ.

ನಿನ್ನನ್ನು ನೆನೆಯುವ ತಮ್ಮ,
ವೀಬೆ

ಮೇ ೧೧, ಬೆಳಿಗ್ಗೆ. ಮರೆತೆ: ಇಲ್ಲ, ಮರೆತದ್ದಲ್ಲ, ಈಗಷ್ಟೇ ತಿಳಿದದ್ದು. ಅಪ್ಪ ಹೊರಟು ಅರ್ಧ ಗಂಟೆಯಾಯಿತು. ಅಂಚೆಡಬ್ಬಿಗೆ ಹೋಗಲು ನನ್ನ ಸೈಕಲ್ ತೆಗೆಯೋಣವೆಂದು ಶೆಡ್ಡಿಗೆ ಬಂದೆ. ಅಮ್ಮನ ಸೈಕಲ್ ನಿಲ್ಲುತ್ತಿದ್ದ ಜಾಗದಲ್ಲಿ, ಹಳೇ ಟವೆಲಿನ ಮೇಲೆ, ಎರಡನೆಯ ಬ್ಯಾಟರಿ ಇದೆ. ಮರೆತು ಹೋದರೇನೋ ಎಂದು ಗಾಬರಿಯಾಗಿ ಬೇಲಿಯ ಹತ್ತಿರ ಓಡಿದೆ. ಟ್ರೀನ್ ಅಜ್ಜಿ ಹೇಳಿದಳು: "ಮರೆಯೋದೇನು ಬಂತು, ಅವನೇ ತೆಗೆದಿಟ್ಟ. ನಾನು ಮಾಡ್ಕೊಟ್ಟ ಸಕ್ಕರೆ ಬ್ರೆಡ್ಡು ಹಿಡೀಲಿಲ್ಲ ಚೀಲದಲ್ಲಿ. ಹಿಸ್ಕೇಗೆ ಇಷ್ಟ ಅದು ಅಂದ, ಬ್ಯಾಟರಿ ತೆಗೆದ, ಬ್ರೆಡ್ ಇಟ್ಟ, ಹೋದ." ಹಾಗಾಗಿ ನೀನು ಸೇತುವೆಯ ಬಳಿ ಕಾಯಬೇಕಾಗಿಲ್ಲ, ಮನೆಯಲ್ಲೇ ಇರು. ಹಿಂಬಾಗಿಲಿನ ಹತ್ತಿರ ಒಂದು ಪ್ಲಗ್ ಖಾಲಿ ಇಡು. ಚಾರ್ಜ್ ತುಂಬಲು ಬಹಳ ಹೊತ್ತು ಬೇಕು. ಆಯಿತಾ ಆಯಿತಾ ಎಂದು ಅವರು ಕೇಳುತ್ತಲೇ ಇರುತ್ತಾರೆ. ಇನ್ನೂ ಇಲ್ಲ ಅನ್ನು. — ವೀ.