ನೂರಹದಿನೇಳನೇ ಮಾದರಿಯ ಮನೆಯವಳು

ಬೆಟಗೇರಿ
ಎರಡು ಸಾವಿರದ ನೂರ ಹತ್ತೊಂಬತ್ತನೇ ಇಸವಿ, ಏಳನೇ ಋತುವಿನ ಒಂಬತ್ತನೇ ದಿನ

ಡಾ. ಪ್ರಣತಿ ಹಾವನೂರ ಅವರಿಗೆ,

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಈ ಪತ್ರವನ್ನು ಪಕ್ಕಕ್ಕಿಡಬೇಡಿ. ನಿಮಗೆ ಆರು ಋತುಗಳು, ನಮಗೆ ಏಳು. ಮಳೆಗೂ ಚಳಿಗೂ ನಡುವೆ ಧೂಳುಗಾಲ ಬಂದು ಸೇರಿಕೊಂಡು ಐವತ್ತು ವರ್ಷ ದಾಟಿತು. ಈಗಲೂ ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಬರೆಯುತ್ತಿದ್ದೇನೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಂಡಾವು, ಕ್ಷಮಿಸಿ. ಕ್ಷಮೆ ಕೇಳುತ್ತಿರುವುದು ಮಾತಿಗೆ ಮಾತ್ರ, ಸಿಟ್ಟಿಗಲ್ಲ.

ಇದು ಹಿಂದಂಚೆಯಲ್ಲಿ ಬರುತ್ತಿರುವ ಕಾಗದ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಾಗದ ಕಳಿಸುವ ವ್ಯವಸ್ಥೆ. ಒಬ್ಬರಿಗೆ ಇಡೀ ಆಯುಷ್ಯದಲ್ಲಿ ಒಂದೇ ಕಾಗದ. ಉತ್ತರ ಬರುವ ದಾರಿಯಿಲ್ಲವಾದ್ದರಿಂದ ತಲುಪಿತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಆದರೂ ಅಂಚೆಮನೆಯ ಮುಂದೆ ಸಾಲು ಕರಗುವುದೇ ಇಲ್ಲ. ಅಲ್ಲಿ ನಿಂತವರೆಲ್ಲ ತೀರಿಹೋದ ತಾಯಿಗೋ ತಂದೆಗೋ ಬರೆಯುವವರು. ನನ್ನ ತಾಯಿ ಸುಗುಣಾ ಹೋಗಿ ಆರು ವರ್ಷವಾಯಿತು. ಅವಳಿಗೆಂದು ಉಳಿಸಿಕೊಂಡಿದ್ದ ಆ ಒಂದು ಕಾಗದವನ್ನು ಮುಖ ಕಾಣದ ನಿಮಗೆ ಬರೆಯುತ್ತಿದ್ದೇನೆ. ನನಗೆ ಎಷ್ಟು ಸಿಟ್ಟು ಬಂದಿದೆಯೆಂದು ಇದರಿಂದಲೇ ತಿಳಿದುಕೊಳ್ಳಿ.

ನಾನು ತೌಡುಮನೆಯಲ್ಲಿ ಕೆಲಸ ಮಾಡುವವಳು. ನಿಮ್ಮ ಕಾಲದ ಪ್ರಯೋಗಾಲಯಗಳು ತಮಗೆ ಬೇಕಾದ ಅಕ್ಕಿ ಆರಿಸಿಕೊಂಡು ಬಿಟ್ಟುಹೋದ ತೌಡನ್ನು, ಅಂದರೆ ಬೇಡವೆಂದು ಬಿಟ್ಟ ಲೆಕ್ಕಗಳನ್ನು, ಮತ್ತೆ ಓದುವುದು ನಮ್ಮ ಕಸುಬು. ಹಳೆಯ ಹತ್ತಿ ಗಿರಣಿಯೊಂದರಲ್ಲಿ ನಾವು ಮೂವತ್ತು ಜನ ಕೂತು, ನಿಮ್ಮ ಡಿಸ್ಕುಗಳನ್ನು ಒಲೆಯಲ್ಲಿ ಹದವಾಗಿ ಬೆಚ್ಚಗೆ ಮಾಡಿ ಓದುತ್ತೇವೆ. ಒಂದು ಡಿಸ್ಕು ಒಂದೇ ಸಲ ಓದಲು ಸಿಗುತ್ತದೆ, ಆಮೇಲೆ ಪುಡಿಯಾಗುತ್ತದೆ. ಹೊರಗಿನವರು ನಮ್ಮನ್ನು ತೌಡು ಕುಟ್ಟುವವರು ಎಂದು ನಗುತ್ತಾರೆ. ನಗಲಿ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಅದೊಂದು ಬದಲಾಗಿಲ್ಲ, ಸಮಾಧಾನ ಮಾಡಿಕೊಳ್ಳಿ. ಡಿಸ್ಕು ಓದುವಾಗ ಯಂತ್ರ ನಮ್ಮ ರಕ್ತದ ಲೆಕ್ಕವನ್ನು ಅದರ ಜೊತೆ ಹೋಲಿಸಬೇಕೆಂಬ ಒಂದು ನಿಯಮವಿದೆ. ಹಳೆಯ ರಕ್ತದ ಸೀಸೆಗಳನ್ನೂ ನಾವೇ ಓದುವುದರಿಂದ, ನಮ್ಮ ಮೈಯ ಧೂಳು ಬೆರೆತು ಹಳಬರದ್ದೆಂದು ಲೆಕ್ಕಕ್ಕೆ ಸೇರಬಾರದೆಂದು ಮಾಡಿದ ನಿಯಮ ಅದು.

ಹೋದ ತಿಂಗಳು ನಿಮ್ಮ ಡಿಸ್ಕು ನನ್ನ ಪಾಲಿಗೆ ಬಂತು. ಸ್ತನ ಕ್ಯಾನ್ಸರಿನ ಇನ್ನೂರ ಹನ್ನೆರಡು ಹೆಣ್ಣುಮಕ್ಕಳ ಜೀನುಗಳ ಲೆಕ್ಕ. ನೂರಹದಿನೇಳನೇ ಮಾದರಿಯ ಹತ್ತಿರ ಯಂತ್ರ ನಿಂತಿತು. ಹದಿನಾರರಲ್ಲಿ ಒಂದು ಪಾಲು ಓದುವವಳಿಗೆ ಹೋಲುತ್ತದೆ, ಇದು ಓದುವವಳ ಧೂಳು, ತೆಗೆದುಹಾಕಲೇ ಎಂದು ಕೇಳಿತು. ಹೂಂ ಎನ್ನಲು ಬೆರಳು ಎತ್ತಿದ್ದೆ. ಧೂಳಾಗಿದ್ದರೆ ಪೂರ್ತಿ ಹೋಲಬೇಕಲ್ಲ, ಹದಿನಾರರಲ್ಲಿ ಒಂದು ಪಾಲು ಏಕೆ? ನಾಲ್ಕು ತಲೆಮಾರು ಹಿಂದಿನ ರಕ್ತವಾದರೆ ಅಷ್ಟೇ ಹೋಲುತ್ತದೆ ಎಂದು ಆಗ ಹೊಳೆಯಿತು, ಡಿಸ್ಕಿನಲ್ಲೇ ಇದ್ದ ಒಪ್ಪಿಗೆ ಪತ್ರ ತೆಗೆದು ಹೆಸರು ನೋಡಿದೆ. ಆಕೆ ನನ್ನ ಮುತ್ತಜ್ಜಿಯ ತಾಯಿ, ದ್ಯಾಮವ್ವ. ನಿಮ್ಮ ಜರಡಿ ಒಮ್ಮೆ ಅವಳನ್ನು ಎಸೆದಿತ್ತು, ನನ್ನ ಜರಡಿ ಎರಡನೇ ಸಲ ಎಸೆಯಲು ಹೊರಟಿತ್ತು.

ನಿಮ್ಮ ಕೋಡಿನ ಜರಡಿ ಏನು ಮಾಡುತ್ತಿತ್ತೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದರೂ ಹೇಳುತ್ತೇನೆ, ಏಕೆಂದರೆ ಸರಳವಾಗಿ ಹೇಳಿದರೆ ಅದರ ನಾಚಿಕೆಗೇಡು ಕಾಣುತ್ತದೆ. ರೋಗಿಯ ಗಡ್ಡೆಯನ್ನೂ ರಕ್ತವನ್ನೂ ಓದುವುದು. ಗಡ್ಡೆಯಲ್ಲಿ ಮಾತ್ರ ಇರುವ ಬದಲಾವಣೆ ಬೇಕಾದದ್ದು. ರಕ್ತದಲ್ಲೂ ಇದ್ದರೆ ಅದು ಹುಟ್ಟಿನಿಂದ ಬಂದದ್ದು, ಅದನ್ನು ಕಳೆಯುವುದು. ಅಂದರೆ ತಾಯಿಯಿಂದ ಮಗಳಿಗೆ ಹೋಗುವುದು ಯಾವುದೋ ಅದನ್ನೇ ಹುಡುಕಿ ಹುಡುಕಿ ಬಿಸಾಡುವುದು! ಗಡ್ಡೆಯ ಅಧ್ಯಯನಕ್ಕೆ ಅದು ಸರಿಯಾದ ಪದ್ಧತಿ ಎನ್ನುತ್ತೀರಿ. ಇರಬಹುದು. ಆದರೆ ನೀವು ಬಿಸಾಡುವ ಮೊದಲು ನೋಡಿದಿರಿ. ಇನ್ನೂರ ಹನ್ನೆರಡರಲ್ಲಿ ಹನ್ನೊಂದು ಜನರ ರಕ್ತದಲ್ಲಿ, ರೋಗ ತರುವ ಬದಲಾವಣೆಗಳನ್ನು ಪಟ್ಟಿಮಾಡುವ ಯಾವ ಪುಸ್ತಕದಲ್ಲೂ ದಾಖಲಾಗದ ಒಂದೇ ಬದಲಾವಣೆ. ಹನ್ನೊಂದೂ ಜನ ಅಕ್ಕಪಕ್ಕದ ಮೂರು ತಾಲ್ಲೂಕಿನವರು, ಅವರಲ್ಲಿ ದ್ಯಾಮವ್ವ ಒಬ್ಬಳು. ಎರಡು ಸಾವಿರ ಸಾಲಿನ ಇಂಗ್ಲಿಷ್ ಕೋಡಿನ ನಡುವೆ ಯಂತ್ರ ಓದದಂತೆ ಗುರುತು ಹಾಕಿ ನೀವು ಒಂದೇ ಒಂದು ಕನ್ನಡದ ಟಿಪ್ಪಣಿ ಬರೆದಿದ್ದೀರಿ: "ಹನ್ನೊಂದು ಮಂದಿ ರಕ್ತದಾಗೂ ಐತಿ. ಮನಿಯಿಂದ ಬಂದದ್ದು. ಸರ್ ಮೊದಲ ಪೇಪರ್ ಮುಗೀಲಿ ಅಂದ್ರು. ಆಮ್ಯಾಲೆ ಕೇಳಬೇಕು."

ಆಮೇಲೆ ನೀವು ಕೇಳಲಿಲ್ಲ. ಡಿಸ್ಕಿನ ಕೊನೆಯವರೆಗೂ ಹುಡುಕಿದ್ದೇನೆ. ಪೇಪರ್ ಮುಗಿಯಿತು, ಇಪ್ಪತ್ತಾರು ಲೇಖಕರಲ್ಲಿ ನಿಮ್ಮ ಹೆಸರು ಒಂಬತ್ತನೆಯದು. ಹನ್ನೊಂದು ತಿಂಗಳ ನೇಮಕಾತಿ ಮುಗಿದು ನೀವು ಬೇರೆ ಊರಿನ ಬೇರೆ ಪ್ರಯೋಗಾಲಯಕ್ಕೆ ಹೋದಿರಿ. ನಿಮ್ಮ ಖಾತೆ ಮುಚ್ಚಿದರು. ನಿಮ್ಮ ಕಷ್ಟ ನನಗೆ ಅರ್ಥವಾಗದೆ ಇಲ್ಲ. ವರ್ಷವರ್ಷವೂ ಕೆಲಸ ಇರುತ್ತದೋ ಇಲ್ಲವೋ ಎಂದು ನಡುಗುವವರಿಗೆ ಸರ್ ಎದುರು ಬಾಯಿ ತೆರೆಯಿರಿ ಎನ್ನುವುದು ಸುಲಭ. ಒಪ್ಪಿಗೆ ಪತ್ರದಲ್ಲಿ ಮನೆಯವರಿಗೆ ತಿಳಿಸುವ ಮಾತೇ ಇರಲಿಲ್ಲ, ಅದೂ ಗೊತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬರೆದ ಪತ್ರ ಅದು. ನಿಮ್ಮ ಸರ್, ಅವರ ನೀತಿ ಸಮಿತಿ, ಅಂಥ ಪತ್ರ ಬರೆದ ಮಹನೀಯರು, ಎಲ್ಲರಿಗೂ ನನ್ನ ಧಿಕ್ಕಾರವಿದೆ. ಆದರೆ ಅವರಿಗೆ ಪೂರ್ತಿ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳಲೂ ಇಷ್ಟವಿರಲಿಲ್ಲ. ಗೊತ್ತಿದ್ದದ್ದು ನಿಮಗೆ.

ಅದೇ ಒಪ್ಪಿಗೆ ಪತ್ರದ ಅಂಚಿನಲ್ಲಿ ಒಬ್ಬ ನರ್ಸಮ್ಮ ಪೆನ್ನಿನಲ್ಲಿ ಬರೆದದ್ದನ್ನು ನೀವು ಓದಿದಿರೋ ಇಲ್ಲವೋ ತಿಳಿಯದು. ಹೆಬ್ಬೆಟ್ಟು ಒತ್ತುವ ಮೊದಲು ದ್ಯಾಮವ್ವ ಹೇಳಿದ ಮಾತು ಅದು: "ನನಗೇನೂ ಬ್ಯಾಡ್ರಿ ಯವ್ವಾ. ನನ್ನ ಹೆಣ್ಣಮಕ್ಕಳಿಗೆ ಏನರ ಅನುಕೂಲ ಆಗತೈತಿ ಅಂದ್ರ ತಗೋರಿ ರಕ್ತ." ಹೆಣ್ಣುಮಕ್ಕಳಿಗಾಗಿ ಕೊಟ್ಟ ರಕ್ತ ಅದು. ಅದರಲ್ಲಿ ಹೆಣ್ಣುಮಕ್ಕಳಿಗೆ ಬೇಕಾದ ಒಂದೇ ಸಂಗತಿ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಮುಂದಿನದನ್ನು ಕೇಳಿ. ಅವಳ ಮಗಳು, ನನ್ನ ಮುತ್ತಜ್ಜಿ ಕಸ್ತೂರಿ, ಅದೇ ರೋಗದಲ್ಲಿ ನಲವತ್ತಾರಕ್ಕೆ ಹೋದಳು. ನನ್ನ ಅಜ್ಜಿ ನಲವತ್ತನಾಲ್ಕಕ್ಕೆ, ನನ್ನ ತಾಯಿ ನಲವತ್ತೇಳಕ್ಕೆ. ಅಜ್ಜಿಯೂ ತಾಯಿಯೂ ಪರೀಕ್ಷೆ ಮಾಡಿಸಿಕೊಂಡಿದ್ದರು. ಪುಸ್ತಕದಲ್ಲಿ ಇಲ್ಲದ ಬದಲಾವಣೆಗೆ ಯಂತ್ರ ಏನು ಹೇಳೀತು? ಅರ್ಥ ತಿಳಿಯದ ಬದಲಾವಣೆ, ಆತಂಕ ಬೇಡ ಎಂದು ಅಚ್ಚು ಹಾಕಿ ಕೊಟ್ಟಿತು. ನನ್ನ ತಾಯಿ ಆ ಚೀಟಿಯನ್ನು ದೇವರ ಜಗುಲಿಯ ಮೇಲಿಟ್ಟು ಅರಿಶಿನ ಹಚ್ಚಿದಳು. ಕೊನೆಗೆ ಹಾಸಿಗೆ ಹಿಡಿದಾಗಲೂ ಯಾರನ್ನೂ ಬೈಯಲಿಲ್ಲ. "ನಮ್ಮ ಮನೆತನದಾಗ ಹೆಣ್ಣು ಐವತ್ತು ದಾಟೂದಿಲ್ಲ ಬಿಡವ್ವಾ, ಯಾರ ಶಾಪನೋ ಏನೋ" ಎಂದಳು. ಶಾಪವಲ್ಲ, ಡಾಕ್ಟರೇ. ನಿಮ್ಮ ಟಿಪ್ಪಣಿಯ ಒಂದು ಸಾಲು ಪುಸ್ತಕಕ್ಕೆ ಹೋಗಿದ್ದರೆ ಸಾಕಿತ್ತು. ನನಗೆ ಮೂವತ್ಮೂರು. ಅದು ನನ್ನಲ್ಲೂ ಇದೆ. ಗೊತ್ತಾದ್ದರಿಂದ ನಾನು ಬದುಕಿಕೊಳ್ಳಬಹುದು, ಅದಕ್ಕೆ ನಮ್ಮ ಕಾಲದಲ್ಲಿ ದಾರಿಗಳಿವೆ. ನನ್ನ ಮಗಳಿಗೆ ಎಂಟು ವರ್ಷ, ಅವಳನ್ನು ಇನ್ನೂ ಪರೀಕ್ಷೆಗೆ ಕರೆದೊಯ್ದಿಲ್ಲ.

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಉಳಿದ ಹತ್ತು ಮಾದರಿಗಳ ಮನೆಯವರು ಯಾರೆಂದು ಊರೂರಿನ ವಂಶಾವಳಿ ಬರೆದಿಟ್ಟ ತೌಡುಮನೆಯ ಊರಪಟ್ಟಿಯಲ್ಲಿ ಹುಡುಕಿದೆ, ಸಿಕ್ಕರು. ಮೊದಲನೆಯವರು ನರಗುಂದದಲ್ಲಿದ್ದಾರೆ, ಮನೆಯಲ್ಲಿ ನಾಲ್ವರು ಅಕ್ಕತಂಗಿಯರು. ನಮ್ಮ ಹಿರಿಯರು, ಸಮಿತಿ ಕೂರಲಿ, ಧೂಳುಗಾಲ ಕಳೆಯಲಿ, ಆಮೇಲೆ ತಿಳಿಸೋಣ ಎಂದರು. ನಾನು ಹೂಂ ಎಂದು ತಲೆಯಾಡಿಸಿ ಬಂದು ನನ್ನ ಹಲಗೆಯ ಮೇಲೆ ಬರೆದುಕೊಂಡೆ: ಧೂಳುಗಾಲ ಕಳೆದ ಮೇಲೆ ಕೇಳಬೇಕು. ಬರೆದ ಮೇಲೆ ನನ್ನ ಕೈ ನೋಡಿಕೊಂಡೆ. ಅಕ್ಷರ ನನ್ನದು, ಮಾತು ನಿಮ್ಮದು. ಆ ಹೊತ್ತಿಗೆ ಬಂದ ಸಿಟ್ಟು ನಿಮ್ಮ ಮೇಲಿನದಕ್ಕಿಂತ ಹೆಚ್ಚಾಗಿತ್ತು. ಹಲಗೆ ಒರೆಸಿದೆ. ಹಿರಿಯರ ಕೋಣೆಗೆ ಮತ್ತೆ ಹೋಗಿ, ನಾನು ಕಾಯುವುದಿಲ್ಲ ಎಂದು ಹೇಳಿ ಬಂದೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ನೀವು ಆ ಟಿಪ್ಪಣಿ ಬರೆದದ್ದು ಅಕ್ಟೋಬರ್ ಹದಿಮೂರರ ಸಂಜೆ. ಮರುದಿನ ಬೆಳಿಗ್ಗೆ ಸಿಗುವಂತೆ ಈ ಕಾಗದಕ್ಕೆ ಗುರುತು ಹಾಕಿಸಿದ್ದೇನೆ. ಹತ್ತು ಗಂಟೆಗೆ ನಿಮ್ಮ ಸರ್ ಕೋಣೆಯಲ್ಲಿರುತ್ತಾರೆ, ನಿಮ್ಮ ಕ್ಯಾಲೆಂಡರಿನಲ್ಲಿದೆ. ಹೋಗಿ ಕೇಳಿ. ಆಗದು ಎಂದರೆ ಸಮಿತಿಯನ್ನು ಕೇಳಿ. ಅವರೂ ಆಗದು ಎಂದರೆ ಆ ಬದಲಾವಣೆಯನ್ನು, ಯಾರ ಹೆಸರೂ ಹೇಳದೆ, ಪುಸ್ತಕಕ್ಕೆ ಬರೆದು ಕಳಿಸಿ. ದ್ಯಾಮವ್ವ ಆ ವಾರ ನಿಮ್ಮ ಕಟ್ಟಡದ ಎದುರಿನ ಆಸ್ಪತ್ರೆಯಲ್ಲಿ, ಎರಡನೇ ಮಹಡಿಯಲ್ಲಿದ್ದಾಳೆ. ಹಾಸಿಗೆ ಪಕ್ಕದಲ್ಲಿ ಶಾಲೆ ಬಿಟ್ಟು ಬಂದು ಕೂತಿರುವ ಹುಡುಗಿಯೇ ಕಸ್ತೂರಿ. ಅವಳಿಗೆ ಹದಿನೇಳು ವರ್ಷ.

ನರಗುಂದದ ಬಂಡಿ ಹೊರಡುವ ಹೊತ್ತಾಯಿತು. ಮಗಳನ್ನೂ ಕರೆದುಕೊಂಡು ಹೊರಟಿದ್ದೇನೆ, ದಾರಿಯಲ್ಲೇ ಅವಳ ಪರೀಕ್ಷೆಯೂ ಆಗಲಿ. ನೀವೂ ಏಳಿ.

ಇಂತಿ,
ಬಸಂತಿ ಸುಗುಣಾ
(ನಮ್ಮಲ್ಲಿ ತಾಯಿಯ ಹೆಸರೇ ಅಡ್ಡಹೆಸರು)